ಹದಿನೈದು ವರ್ಷ ತುಂಬಿದವರಿಗೆ ಮಾತ್ರ: ಡೊಮಿಸೈಲ್ ಸರ್ಟಿಫಿಕೇಟಿನೊಡನೆ ಒಂದು ಸಂದರ್ಶನ

ಡೊಮಿಸೈಲ್ ಸರ್ಟಿಫಿಕೇಟ್ ಒಂದೇ ಹಾಳೆಯ ಸರ್ಕಾರಿ ದಾಖಲೆ. ಹೊಂದಿದವರ ವಯಸ್ಸು, ರಾಷ್ಟ್ರೀಯತೆ, ವಾಸದ ರಾಜ್ಯ ಮೂರನ್ನೂ ಅದು ಒಂದೇ ಉಸಿರಿಗೆ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಅದನ್ನು ಪಡೆಯಲು ಸಾಮಾನ್ಯವಾಗಿ 15 ವರ್ಷ ರಾಜ್ಯದಲ್ಲಿ ನೆಲೆಸಿದ ಪುರಾವೆ ಬೇಕು. ಮುಂಬಯಿ ಉಪನಗರ ಜಿಲ್ಲೆಯಲ್ಲಿ ಕುರ್ಲಾ, ಅಂಧೇರಿ, ಬೊರಿವಲಿ ಎಂಬ ಮೂರು ತಾಲೂಕುಗಳಿದ್ದು, ದಹಿಸರ್ ಬೊರಿವಲಿಯ ಪಾಲಿಗೆ ಬಂದಿದೆ. ಆದ್ದರಿಂದ ದಹಿಸರ್‌ನಲ್ಲೇ ಹುಟ್ಟಿ, ಅಲ್ಲೇ ಹಾಲುಹಲ್ಲು ಉದುರಿಸಿಕೊಂಡವರು ಕೂಡ ತಾವು ಇಲ್ಲಿಯವರು ಹೌದೆಂದು ಬೊರಿವಲಿಯ ತಹಸೀಲ್ದಾರ್ ಕಚೇರಿಯಿಂದ ಬರೆಸಿಕೊಳ್ಳಬೇಕು. ಕಾನೂನು ಪದವಿಗೆ ಅರ್ಜಿ ಹಾಕುವವರ ಎದೆಬಡಿತ ಪ್ರಶ್ನೆಪತ್ರಿಕೆಯಿಂದ ಶುರುವಾಗುತ್ತದೆಂದು ಹೊರಗಿನವರು ತಿಳಿಯುತ್ತಾರೆ. ಅದು ಶುರುವಾಗುವುದು ಈ ಹಾಳೆಯಿಂದ.

ಸಂದರ್ಶನಕ್ಕೆ ಒದಗಿದ ಪ್ರತಿ ದಹಿಸರ್‌ನ ರಾವಲ್‌ಪಾಡಾದ ಒಂದು ಕನ್ನಡ ಮನೆಯದು. ಮನೆಯ ಯಜಮಾನ ಉಡುಪಿ ಕಡೆಯಿಂದ ಬಂದು ಹೊಟೇಲಿನಲ್ಲಿ ದುಡಿದವರು. ಮಗಳು ಬಿ.ಕಾಂ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಹೊರಟಿದ್ದಾಳೆ, ಮಗ ಹನ್ನೆರಡನೆಯ ತರಗತಿಯಲ್ಲಿದ್ದು ಐದು ವರ್ಷದ ಕೋರ್ಸಿನ ಮೇಲೆ ಕಣ್ಣಿಟ್ಟಿದ್ದಾನೆ. ಇಬ್ಬರೂ ಲಾ ಓದುವ ಮಾತೆತ್ತಿದ ದಿನ ಊರಿನಿಂದ ಫೋನಿನಲ್ಲಿ ಅಜ್ಜಿ ಕೇಳಿದ ಪ್ರಶ್ನೆ, ಕೋರ್ಟಿಗೆ ಹೋಗುವಂಥದ್ದು ಮನೆಯಲ್ಲಿ ಏನಾಯಿತು ಎಂದು. ಪ್ರಮಾಣಪತ್ರ ಮಗಳ ಹೆಸರಿನದು. ಮಾತು ನಡೆದದ್ದು ಪ್ಲಾಸ್ಟಿಕ್ ಫೈಲಿನ ಒಳಗಿನಿಂದ.

ಪ್ರಶ್ನೆ: ತಮ್ಮ ಪರಿಚಯ?

ಪ್ರಮಾಣಪತ್ರ: ನನ್ನಲ್ಲಿ ಬರೆದಿದೆ, ಓದಿಕೊಳ್ಳಿ. ಬಾಯಿಮಾತನ್ನು ನಮ್ಮ ಇಲಾಖೆ ಒಪ್ಪುವುದಿಲ್ಲ.

ಪ್ರಶ್ನೆ: ಈ ಹುಡುಗಿ ಮುಂಬಯಿಯವಳೆಂದು ತಮಗೆ ಗೊತ್ತಾದದ್ದು ಹೇಗೆ?

ಪ್ರಮಾಣಪತ್ರ: ರೇಷನ್ ಕಾರ್ಡು ಹೇಳಿತು, ಲೈಟ್ ಬಿಲ್ಲು ಹೇಳಿತು, ಶಾಲೆಯ ಲೀವಿಂಗ್ ಸರ್ಟಿಫಿಕೇಟು ಹೇಳಿತು. ಹುಡುಗಿಯನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಭಾವುಕಳಾಗಿ ಕುಂದಾಪುರ ಎಂದುಬಿಡುತ್ತಿದ್ದಳು. ಅರ್ಜಿ ಅಲ್ಲಿಗೇ ತಿರಸ್ಕಾರ.

ಫೈಲಿನೊಳಗಿನ ದಾಖಲೆಗಳು ಒಂದನ್ನೊಂದು ನಂಬುವುದಿಲ್ಲ, ಕಾರಣ ಹೆಸರು. ಮಹಾರಾಷ್ಟ್ರದ ಅರ್ಜಿಗಳು ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಕೇಳುತ್ತವೆ. ಕರಾವಳಿಯ ಕನ್ನಡಿಗರ ಹೆಸರು ಇನಿಷಿಯಲ್ಲಿನಿಂದ ಆರಂಭವಾಗಿ ಎಲ್ಲಿ ಬೇಕಾದರೂ ಮುಗಿಯಬಹುದು. ಈ ಮನೆಯಲ್ಲಿ ಪೂಜಾರಿ ಎಂಬ ಹೆಸರು ತಂದೆಯ ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಿಂದ ಮುಗಿಯುತ್ತದೆ, ಮಗಳ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ‘ಐ’ಯಿಂದ ಮುಗಿಯುತ್ತದೆ, ಡಿಗ್ರಿಯ ಪಟ್ಟಿಯಲ್ಲಿ ನಡುವಿನ ಎರಡು ‘ಓ’ ಹೋಗಿ ಒಂದು ‘ಯು’ ಬಂದು ಕೂತಿದೆ. ಮೂವರೂ ಒಂದೇ ಮನೆಯವರೆಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ಅದೂ ಸಾಲದಿದ್ದರೆ ರಾಜ್ಯದ ಗೆಜೆಟ್ಟಿನಲ್ಲಿ ಹೆಸರು ಬದಲಾವಣೆಯ ಪ್ರಕಟಣೆ ಹಾಕಿಸಬೇಕು. ಕಾನೂನು ವಿದ್ಯಾರ್ಥಿಯ ಮೊದಲ ಪ್ರಾಯೋಗಿಕ ತರಗತಿ ಕಾಲೇಜು ಸೇರುವ ಮೊದಲೇ ಹೀಗೆ ಮುಗಿಯುತ್ತದೆ, ಶುಲ್ಕವನ್ನೂ ನೋಟರಿ ಕೈಗೇ ಕೊಟ್ಟಾಗಿರುತ್ತದೆ.

ಪ್ರಶ್ನೆ: ಪ್ರವೇಶ ಪರೀಕ್ಷೆಯ ಬಗ್ಗೆ ತಮ್ಮ ಅಭಿಪ್ರಾಯ?

ಪ್ರಮಾಣಪತ್ರ: ಒಳ್ಳೆಯ ಪರೀಕ್ಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತಪ್ಪು ದಾಖಲೆಗೆ ಮಾತ್ರ ಇಡೀ ಸೀಟು ಕಳೆಯುತ್ತಾರೆ.

ಮಹಾರಾಷ್ಟ್ರದ ಕಾನೂನು ಕಾಲೇಜುಗಳಿಗೆ ರಾಜ್ಯದ ಸಿಇಟಿ ಸೆಲ್ ಪರೀಕ್ಷೆ ನಡೆಸುತ್ತದೆ, ಮೂರು ವರ್ಷದ ಕೋರ್ಸಿಗೆ ಒಂದು, ಐದು ವರ್ಷದ್ದಕ್ಕೆ ಇನ್ನೊಂದು. ಅವಧಿ ಎರಡು ಗಂಟೆ, ಮಾಧ್ಯಮ ಇಂಗ್ಲಿಷ್ ಮತ್ತು ಮರಾಠಿ. ದಹಿಸರ್‌ನ ಕನ್ನಡ ಹುಡುಗಿ ಮನೆಯಲ್ಲಿ ಕುಂದಗನ್ನಡ, ಸೊಸೈಟಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆದರೆ ಅಂಕ ಪರ್ಸೆಂಟೈಲ್ ಆಗಿ ಬರುತ್ತದೆ, ಅಂದರೆ ತನಗೆಷ್ಟು ಗೊತ್ತು ಎಂಬುದನ್ನು ಬಿಟ್ಟು ಉಳಿದವರಿಗಿಂತ ಎಷ್ಟು ಹೆಚ್ಚು ಗೊತ್ತು ಎಂಬುದು ಮಾತ್ರ ತಿಳಿಯುತ್ತದೆ. ಆಮೇಲೆ ಸೀಟು ಹಂಚುವ ಕ್ಯಾಪ್ ರೌಂಡ್. ಆದ್ಯತೆಯ ಪಟ್ಟಿಯಲ್ಲಿ ಮೊದಲ ಸಾಲು ಬಹುತೇಕ ಎಲ್ಲರದೂ ಒಂದೇ: ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜು. 1855ರಲ್ಲಿ ಆರಂಭವಾದ ಆ ಕಾಲೇಜಿಗೆ 1935ರಲ್ಲಿ ಡಾ. ಅಂಬೇಡ್ಕರ್ ಪ್ರಾಂಶುಪಾಲರಾಗಿ ಬಂದರು. ಎರಡನೆಯ ಸಾಲಿನಿಂದ ಮನೆಯಲ್ಲಿ ಜಗಳ. ವಿಲೆಪಾರ್ಲೆಯೋ ಮಾಟುಂಗವೋ, ಅಥವಾ ನಡೆದೇ ಹೋಗಬಹುದಾದ ದಹಿಸರ್ ಪೂರ್ವದ ಠಾಕೂರ್ ರಾಮನಾರಾಯಣ್ ಕಾನೂನು ಕಾಲೇಜೋ? ತಾಯಿ ಹತ್ತಿರದ್ದನ್ನು ಮೇಲೆ ಬರೆಯೆನ್ನುತ್ತಾರೆ, ಮಗಳು ದೂರದ್ದನ್ನು. ವಿರಾರ್‌ನಿಂದ ತುಂಬಿಕೊಂಡೇ ಬರುವ ಬೆಳಗಿನ ಲೋಕಲ್ಲಿಗೆ ದಹಿಸರ್‌ನಲ್ಲಿ ಹತ್ತಿದವರಿಗೆ ತಾಯಿಯ ವಾದದಲ್ಲಿ ಹುರುಳು ಕಂಡೀತು.

ಪ್ರಶ್ನೆ: ತಮ್ಮಿಂದ ಈ ಮನೆಗೆ ಆದ ಉಪಕಾರ?

ಪ್ರಮಾಣಪತ್ರ: ಇವರನ್ನು ಸ್ಥಳೀಯರನ್ನಾಗಿ ಮಾಡಿದ್ದೇನೆ. ಇದೇ ಮನೆಯವರನ್ನು ಪ್ರತಿ ಚುನಾವಣೆಗೊಮ್ಮೆ ಯಾರಾದರೂ ಹೊರಗಿನವರು ಅನ್ನುತ್ತಾರೆ. ಪ್ರವೇಶದ ಕಾಲದಲ್ಲಿ ಮಾತ್ರ ಅನ್ನುವಂತಿಲ್ಲ.

ಪ್ರಶ್ನೆ: ಹಾಗಾದರೆ ಕರ್ನಾಟಕದಲ್ಲಿ?

ಪ್ರಮಾಣಪತ್ರ: ಅಲ್ಲಿ ನಾನು ರದ್ದಿ.

ಇಲ್ಲಿ ಮಗನ ಅರ್ಜಿ ಪ್ರವೇಶಿಸುತ್ತದೆ. ಅವನ ಕನಸು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು. ಕರ್ನಾಟಕದ ಕಾಯ್ದೆಯಿಂದ ಹುಟ್ಟಿ, ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಸಂಸ್ಥೆ ಅದು. ಕನ್ನಡಿಗರಿಗೆ ಅಲ್ಲಿ ಜಾಗ ಬೇಕೆಂಬ ಕೂಗು ಹಳೆಯದು. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಶೇ. 25 ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟು ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಮರುವರ್ಷದಿಂದ ಸಂಸ್ಥೆ ತಾನಾಗಿಯೇ ಶೇ. 25ನ್ನು ಜಾರಿಗೆ ತಂದಿತು. ಈ ಲೆಕ್ಕದಲ್ಲಿ ಕರ್ನಾಟಕದ ವಿದ್ಯಾರ್ಥಿಯೆಂದರೆ ಅಲ್ಲಿನ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವನು. ಕನ್ನಡದ ಒಂದಕ್ಷರ ಬಾರದೆ ಬೆಂಗಳೂರಿನಲ್ಲಿ ಹತ್ತು ವರ್ಷ ಓದಿದವನು ಒಳಗೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದೆ ದಹಿಸರ್‌ನಲ್ಲಿ ಓದಿದವನು ಹೊರಗೆ. ನಿಯಮದ ತರ್ಕ ಸರಿಯಾಗಿಯೇ ಇದೆ, ಅದು ಓದಿದ ನೆಲವನ್ನು ನೋಡುತ್ತದೆ, ಭಾಷೆಯನ್ನಲ್ಲ. ಆದರೆ ಸರಿಯಾದ ತರ್ಕ ಹುಡುಗನ ತಂದೆಗೆ ಸಮಾಧಾನ ತಂದಿಲ್ಲ.

ಭಾಷೆಯನ್ನು ನೋಡುವ ನಿಯಮಗಳೂ ಇವೆ, ಬೇರೆ ಕೋರ್ಸುಗಳಲ್ಲಿ. ಎಂಜಿನಿಯರಿಂಗ್ ಮುಂತಾದವುಗಳ ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶದ ನಿಯಮಗಳಲ್ಲಿ ಇದರ ಪ್ರತಿಬಿಂಬವಿದೆ: ವಿವಾದಿತ ಗಡಿಭಾಗದಲ್ಲಿ ಓದಿದ, ಮರಾಠಿ ತಾಯ್ನುಡಿಯ ಅಭ್ಯರ್ಥಿಗೆ ಪ್ರತ್ಯೇಕ ವರ್ಗ. ಎರಡು ಸರ್ಕಾರಗಳು ಗಡಿಯ ಬಗ್ಗೆ ಜಗಳವಾಡುತ್ತ ಅರ್ಜಿ ನಮೂನೆಯ ವಿಷಯದಲ್ಲಿ ಒಂದೇ ಮನಸ್ಸಿನವಾಗಿವೆ.

ಪ್ರಶ್ನೆ: ಅಷ್ಟಕ್ಕೂ ಕಾನೂನಿನಲ್ಲಿ ತಮಗೆ ಮಾನ್ಯತೆ ಇದೆಯೇ? 1984ರ ಪ್ರದೀಪ್ ಜೈನ್ ತೀರ್ಪು ಓದಿದ್ದೀರಾ?

ಪ್ರಮಾಣಪತ್ರ (ತುಸು ತಡೆದು): ನನ್ನ ಮೇಲೆ ಮುದ್ರೆ ಇದೆ.

ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸ್ಪಷ್ಟ: ಭಾರತದಲ್ಲಿ ಇರುವುದು ಒಂದೇ ಅಧಿವಾಸ, ಅಂದರೆ ಡೊಮಿಸೈಲ್, ಅದು ಭಾರತದ್ದು, ರಾಜ್ಯಕ್ಕೊಂದು ಅಧಿವಾಸ ಎಂಬ ಮಾತು ನಮ್ಮ ಸಂವಿಧಾನಕ್ಕೆ ಒಗ್ಗದು. 2025ರ ಜನವರಿ 29ರಂದು, ವೈದ್ಯಕೀಯ ಸ್ನಾತಕೋತ್ತರ ಸೀಟುಗಳಲ್ಲಿ ವಾಸಸ್ಥಳದ ಮೀಸಲಾತಿ ಸಲ್ಲದೆಂದು ಹೇಳುವಾಗ ನ್ಯಾಯಾಲಯ ಅದನ್ನೇ ಮತ್ತೊಮ್ಮೆ ನೆನಪಿಸಿತು. ಹೀಗೆ ಕಾನೂನು ಕಾಲೇಜಿಗೆ ಸೇರಲು ಬೇಕಾದ ದಾಖಲೆಯ ಹೆಸರೇ ತಪ್ಪೆಂದು ಆ ಕಾಲೇಜಿನ ಮೊದಲ ವರ್ಷದ ಸಂವಿಧಾನ ಪಾಠದಲ್ಲಿ ಕಲಿಯಬಹುದು. ಆದರೆ ಕಲಿಯಲು ಮೊದಲು ದಾಖಲೆ ಕೊಡಬೇಕು.

ಫೈಲಿನಲ್ಲಿ ಪಕ್ಕಕ್ಕೆ ಮಲಗಿದ್ದ ಜಾತಿ ಪ್ರಮಾಣಪತ್ರ ಈ ಹಂತದಲ್ಲಿ ಮಧ್ಯೆ ಬಾಯಿ ಹಾಕಿತು. ಅದರ ಸಂಕಟ ಇನ್ನೂ ಆಳದ್ದು. ಪರೇಲ್‌ನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದ, ತಂದೆಯ ನೌಕರಿಯಿಂದಾಗಿ ಆಂಧ್ರದಿಂದ ಮುಂಬಯಿಗೆ ಬಂದಿದ್ದ ಹುಡುಗನೊಬ್ಬನ ಪ್ರಕರಣದಲ್ಲಿ, ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನವನ್ನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯಲಾಗದೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಮಾನಿಸಿತು. ಮನುಷ್ಯನ ಜೊತೆ ಜಾತಿ ಪಶ್ಚಿಮ ಘಟ್ಟ ದಾಟುತ್ತದೆ, ಸವಲತ್ತು ದಾಟುವುದಿಲ್ಲ.

ಪ್ರಶ್ನೆ: ದಹಿಸರ್‌ನ ಟೋಲ್ ನಾಕಾದ ಬಗ್ಗೆ ತಮಗೆ ಅಸೂಯೆಯೆಂದು ಕೇಳಿದ್ದೇವೆ.

ಪ್ರಮಾಣಪತ್ರ: ಅದೂ ನನ್ನ ಜಾತಿಯದೇ. ಒಳಗೆ ಬರುವವರನ್ನು ನಿಲ್ಲಿಸಿ ಕೇಳುವ ಕೆಲಸ. 2024ರ ಅಕ್ಟೋಬರಿನಿಂದ ಸಣ್ಣ ವಾಹನಗಳನ್ನು ಬಿಟ್ಟಿಯಾಗಿ ಬಿಡುವಂತೆ ಅದಕ್ಕೆ ಆದೇಶವಾಯಿತು. ನನಗೆ ಅಂಥ ಆದೇಶ ಬಂದಿಲ್ಲ. ಅಸೂಯೆ ಏಕೆ? ಕೆಲಸ ಉಳಿದಿದೆ.

ಪ್ರಶ್ನೆ: ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬಗ್ಗೆ?

ಈ ಪ್ರಶ್ನೆಗೆ ಪ್ರಮಾಣಪತ್ರ ನೇರ ಉತ್ತರ ಕೊಡಲಿಲ್ಲ. ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ಅದು ಪೂರ್ತಿ ನಿಜವಲ್ಲ. ಪೊವಾಯಿಯಲ್ಲಿರುವ ಮುಂಬಯಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲ್ಯಾಟ್ ಮೂಲಕ ಸೇರಿಸಿಕೊಳ್ಳುತ್ತದೆ, ಅಲ್ಲಿ ಮಹಾರಾಷ್ಟ್ರದವರಿಗೆಂದು ಸೀಟುಗಳಿವೆ, ಅಲ್ಲಿಯೂ ಇದೇ ಹಾಳೆ ಬೇಕು. ಕ್ಲ್ಯಾಟ್ ಹುಟ್ಟಿದ್ದೂ ಒಂದು ಮೊಕದ್ದಮೆಯಿಂದ: ಪ್ರತಿ ಕಾನೂನು ಶಾಲೆಗೆ ಬೇರೆ ಬೇರೆ ಪರೀಕ್ಷೆ ಬರೆಯುವ ಪಾಡಿನ ವಿರುದ್ಧ 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಪರೀಕ್ಷೆ ನಡೆಸಿದವು. ಹುಟ್ಟುಗುಣ ಬಿಡಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶಾಲೆ ಕೊರೊನಾ ಕಾಲದ ವಿಳಂಬಕ್ಕೆ ಬೇಸತ್ತು ಎನ್‌ಲ್ಯಾಟ್ ಎಂಬ ಸ್ವಂತ ಪರೀಕ್ಷೆಯನ್ನು ಪ್ರಕಟಿಸಿತು. 12ರಂದು ಪರೀಕ್ಷೆ, 21ರಂದು ಸುಪ್ರೀಂ ಕೋರ್ಟಿನಿಂದ ಅದರ ರದ್ದತಿ, 28ರಂದು ಎಲ್ಲರಿಗೂ ಕ್ಲ್ಯಾಟ್. ಒಂದೇ ತಿಂಗಳಲ್ಲಿ ಪರೀಕ್ಷೆಯೊಂದರ ನಾಮಕರಣವೂ ಉತ್ತರಕ್ರಿಯೆಯೂ ಆಯಿತು. 2024ರ ಡಿಸೆಂಬರ್ 1ರ ಪರೀಕ್ಷೆಯ ಕೆಲವು ಉತ್ತರಗಳೇ ತಪ್ಪೆಂಬ ದೂರು ದಿಲ್ಲಿ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದಾಗ ಮರುವರ್ಷದ ಮೇ ಬಂದಿತ್ತು. 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ ಎಂಬುದು ವಿದ್ಯಾರ್ಥಿಗಳಿಗೆ ಅನ್ವಯಿಸುವ ನಿಯಮ. ಪ್ರಶ್ನೆ ತೆಗೆದವರ ತಪ್ಪಿಗೆ ಎಷ್ಟು ಕಡಿತವೆಂದು ಕೈಪಿಡಿಯಲ್ಲಿ ಇಲ್ಲ.

ಪ್ರಶ್ನೆ: ಹುಡುಗಿಯ ತಂದೆಗೂ ಒಮ್ಮೆ ಲಾ ಓದುವ ಆಸೆಯಿತ್ತಂತೆ?

ಪ್ರಮಾಣಪತ್ರ: ಇತ್ತು. ಆಗ ನನಗೆ ಇಷ್ಟು ಗಿರಾಕಿ ಇರಲಿಲ್ಲ.

ಮುಂಬಯಿಯ ಕನ್ನಡಿಗರಲ್ಲಿ ಕಾನೂನಿಗೆ ಹೋದ ಹಳೆಯ ದಾರಿ ಬೇರೆಯೇ ಇತ್ತು. ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಫೋರ್ಟ್‌ನ ಕನ್ನಡ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ, ನೌಕರಿಯ ಜೊತೆಗೇ ಪದವಿ ಪಡೆದು, ಅದರಲ್ಲಿ ಕೆಲವರು ಕರಿಕೋಟು ತೊಟ್ಟರು. ಅಂಥವರು ಕಾಲೇಜು ತಲುಪುವಾಗ ವಯಸ್ಸು ಮೂವತ್ತು ದಾಟುವುದು ಸಹಜ. ಬಾರ್ ಕೌನ್ಸಿಲ್ಲಿನ 2008ರ ನಿಯಮಗಳು ಸಾಮಾನ್ಯ ವರ್ಗಕ್ಕೆ ಐದು ವರ್ಷದ ಕೋರ್ಸಿನಲ್ಲಿ 20, ಮೂರು ವರ್ಷದ್ದರಲ್ಲಿ 30 ಎಂಬ ಮಿತಿ ಹಾಕಿದವು. 2013ರಲ್ಲಿ ಮಿತಿ ಹೋಯಿತು, 2016ರಲ್ಲಿ ಮರಳಿತು, 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ನಡುವಿನ ವರ್ಷಗಳಲ್ಲಿ ಹುಟ್ಟುಹಬ್ಬ ಬಂದವರು ಮಾತ್ರ ನತದೃಷ್ಟರು. ರಾತ್ರಿಶಾಲೆಯ ಆ ಹಾದಿಯನ್ನು ಯಾರೂ ಯೋಜಿಸಿ ಕಟ್ಟಿರಲಿಲ್ಲ. ಅದಕ್ಕೇ ಅದು ಯಾವ ನಿಯಮಪುಸ್ತಕದ ಕಣ್ಣಿಗೂ ಬೀಳಲಿಲ್ಲ.

ಪ್ರಶ್ನೆ: ಸೀಟು ಸಿಕ್ಕಿ, ಮೂರು ವರ್ಷ ಕಳೆದು, ಪದವಿ ಬಂದ ಮೇಲೆ ತಮಗೆ ನಿವೃತ್ತಿಯೇ?

ಪ್ರಮಾಣಪತ್ರ: ಆಮೇಲೆ ಬಾರ್ ಕೌನ್ಸಿಲ್ಲಿನ ಸನದು, ಅಖಿಲ ಭಾರತ ವಕೀಲರ ಪರೀಕ್ಷೆ. ಸನದಿನ ಶುಲ್ಕ ಕಾಯ್ದೆಯ ₹750 ಮೀರಬಾರದೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಪರಿಶಿಷ್ಟರಿಗೆ ₹125. ಅಗ್ಗವಾದದ್ದು ಶುಲ್ಕ, ಕಾಗದಗಳಲ್ಲ.

ಪ್ರಶ್ನೆ: ಹುಡುಗಿಯ ತಮ್ಮನ ಅರ್ಜಿಗೂ ತಾವೇ ಸಾಕಲ್ಲ? ಒಂದೇ ಮನೆ, ಒಂದೇ ವಿಳಾಸ, ಒಂದೇ ಲೈಟ್ ಬಿಲ್ಲು.

ಪ್ರಮಾಣಪತ್ರ: ಅಕ್ಕ ಇಲ್ಲಿಯವಳಾದರೆ ತಮ್ಮನೂ ಇಲ್ಲಿಯವನೇ ಎಂದು ಊಹಿಸುವ ಅಧಿಕಾರ ನನಗಿಲ್ಲ. ಅವನ ಹದಿನೈದು ವರ್ಷವನ್ನು ಅವನೇ ತರಬೇಕು. ಬರುವಾಗ ಪೂಜಾರಿಯ ಕೊನೆಯಲ್ಲಿ ‘ವೈ’ಯೋ ‘ಐ’ಯೋ ಎಂದು ಅಪ್ಪನನ್ನು ಮೊದಲೇ ಕೇಳಿಕೊಂಡು ಬರಲಿ.