ವ್ಯೋಮಯಾನದಲ್ಲಿ ದೂರವಾಣಿ-ನಿಗ್ರಹ: ಬದಲಾಪುರ ಸಂಪ್ರದಾಯವನ್ನು ಕುರಿತ ಒಂದು ಮೀಮಾಂಸೆ

ವಿಮಾನಶಾಸ್ತ್ರವು ಕನ್ನಡ ನಾಡಿಗೆ ಹೊಸದಲ್ಲ. ಆನೇಕಲ್ಲಿನಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ ಬರೆಯಿಸಿದ, ಭರದ್ವಾಜ ಮಹರ್ಷಿಯದೆಂದು ಪ್ರಸಿದ್ಧವಾದ 'ವೈಮಾನಿಕ ಶಾಸ್ತ್ರ'ವು ವಿಮಾನ ನಡೆಸುವವನ ಊಟ, ಉಡುಪು, ವಿಮಾನಕ್ಕೆ ಬೇಕಾದ ಲೋಹ, ಕನ್ನಡಿ ಮುಂತಾದವನ್ನೆಲ್ಲ ವಿವರಿಸಿ, ಮೂವತ್ತೆರಡು ರಹಸ್ಯಗಳನ್ನೂ ಎಣಿಸಿ, ಪ್ರಯಾಣಿಕನ ಮೊಬೈಲ್ ಫೋನಿನ ವಿಷಯದಲ್ಲಿ ಮಾತ್ರ ಮೌನ ತಾಳುತ್ತದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥವನ್ನು ಪರಿಶೀಲಿಸಿ, ಇದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ಗ್ರಂಥವು 1904ಕ್ಕಿಂತ ಹಳೆಯದಲ್ಲವೆಂದೂ ತೀರ್ಮಾನಿಸಿದರು; ಆದರೆ ಹಾರದ ವಿಮಾನದಲ್ಲಿ ಫೋನು ಬಳಸುವುದು ಸರ್ವಥಾ ನಿರಪಾಯಕರವೆಂಬ ಮಹತ್ವದ ಪ್ರಮೇಯವು ಆ ಪಂಚಪಂಡಿತರ ಗಮನಕ್ಕೆ ಬಾರದೆ ಹೋದದ್ದು ಶಾಸ್ತ್ರದ ದುರ್ದೈವವೆನ್ನಬೇಕು. ಗ್ರಂಥೋಕ್ತ ರಹಸ್ಯಗಳಲ್ಲಿ 'ಪರಶಬ್ದಗ್ರಾಹಕ' ಎಂಬುದೊಂದಿದ್ದು, ಬೇರೆ ವಿಮಾನದಲ್ಲಿ ಆಡುವ ಮಾತನ್ನು ತಮ್ಮ ವಿಮಾನದಲ್ಲಿ ಕುಳಿತೇ ಕೇಳಿಸಿಕೊಳ್ಳುವ ವಿದ್ಯೆ ಅದು. ಮುಂಬಯಿಯಿಂದ ಸಂಜೆ ಹೊರಡುವ ಬದಲಾಪುರ ಫಾಸ್ಟ್ ಲೋಕಲ್ ರೈಲಿನಲ್ಲಿ ಈ ವಿದ್ಯೆಯು ಯಾವ ಯಂತ್ರದ ನೆರವೂ ಇಲ್ಲದೆ ಪ್ರತಿಯೊಬ್ಬನಿಗೂ ಸಿದ್ಧಿಸಿರುವುದರಿಂದ, ಪ್ರಸ್ತುತ ಅಧ್ಯಯನಕ್ಕೆ ಬದಲಾಪುರಕ್ಕಿಂತ ತಕ್ಕ ಕ್ಷೇತ್ರವು ದೊರೆಯಲಾರದು.

ಅಧಿಕಾರಿ, ಅಂದರೆ ಶಾಸ್ತ್ರವನ್ನು ಓದಲು ಅರ್ಹನಾದವನು, ಯಾರೆಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ. 1853ರಲ್ಲಿ ಮುಂಬಯಿಯಿಂದ ಠಾಣೆಗೂ ಮರುವರ್ಷ ಕಲ್ಯಾಣಕ್ಕೂ ಬಂದ ರೈಲುದಾರಿಯು ಮುಂದೆ ಅಂಬರನಾಥವನ್ನು ದಾಟಿ ಬದಲಾಪುರವನ್ನು ಮುಟ್ಟುತ್ತದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೂ ಇದಕ್ಕೂ ನಡುವೆ 68 ಕಿಲೋಮೀಟರ್ ಅಂತರವಿದೆ. ಈ ದಾರಿಯುದ್ದಕ್ಕೂ ನೆಲೆಸಿರುವ ಕನ್ನಡಿಗನು, ಅವನು ಡೊಂಬಿವಲಿಯ ಹೋಟೆಲಿನ ಗಲ್ಲೆಯಲ್ಲಿ ಕುಳಿತವನಿರಲಿ, ಐರೋಲಿಯ ಕಂಪ್ಯೂಟರ್ ಕಚೇರಿಗೆ ಹೋಗುವ ಅವನ ಮಗಳಿರಲಿ, ಫೋನಿನ ಬಳಕೆಯನ್ನು ಕಲಿತದ್ದು ಲೋಕಲಿನ ಗರ್ದಿಯಲ್ಲಿ. ಮೂವರ ಬೆಂಚಿನ ಅಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಶರೀರವನ್ನು ಮಾತ್ರ ಊರುವ 'ಚೌಥಿ ಸೀಟ್' ಎಂಬ ಆಸನದಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿಕೆಯನ್ನೂ ಇನ್ನೊಂದರಲ್ಲಿ ಫೋನನ್ನೂ ಧರಿಸಿ, ಧ್ವನಿವರ್ಧಕದಲ್ಲಿ ರೀಲ್ಸ್ ನೋಡುತ್ತ ಅವನು ಪಡೆದ ಸಂಸ್ಕಾರವು ಗಾಢವಾದದ್ದು. ಇದಕ್ಕೆ ಇದ್ದ ಏಕೈಕ ಅಪವಾದವೆಂದರೆ 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಪಾರಸಿಕ್ ಸುರಂಗ: ಹಿಂದೆ ಫಾಸ್ಟ್ ಲೋಕಲುಗಳು ಇದರೊಳಗೆ ಹಾಯುತ್ತಿದ್ದ ಕಾಲದಲ್ಲಿ ಸಮಸ್ತ ಡಬ್ಬಾದ ಸಂಭಾಷಣೆಯು ಅರ್ಧ ವಾಕ್ಯದಲ್ಲಿ ಕಡಿದು, ಸುರಂಗದ ಆಚೆ ಬದಿಯಲ್ಲಿ "ಹಲೋ, ಹಲೋ, ಎಂತ ಹೇಳಿದ್ದು?" ಎಂದು ಪುನರಾರಂಭವಾಗುತ್ತಿತ್ತು. ಫ್ಲೈಟ್ ಮೋಡಿನ ಪೂರ್ವಾಭ್ಯಾಸವು ಈ ಭಾಗದ ಜನರಿಗೆ ಹೀಗೆ ಸರ್ಕಾರದ ಖರ್ಚಿನಲ್ಲಿಯೇ ನಡೆದಿತ್ತೆಂಬುದನ್ನು ಇತಿಹಾಸಕಾರರು ಇನ್ನೂ ಗುರುತಿಸಿಲ್ಲ.

ಇಂಥ ಅಧಿಕಾರಿಯ ಸಮೀಪಕ್ಕೆ ವಿಮಾನವೇ ಬಂದದ್ದು ಈಚಿನ ಬೆಳವಣಿಗೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡ ನವಿ ಮುಂಬಯಿ ವಿಮಾನ ನಿಲ್ದಾಣವು ಅದೇ ವರ್ಷದ ಡಿಸೆಂಬರ್ 25ರಂದು ಸಂಚಾರಕ್ಕೆ ತೆರೆಯಿತು. ಅಂದು ಬೆಳಿಗ್ಗೆ ಅಲ್ಲಿ ಮೊದಲು ಬಂದಿಳಿದ ವಿಮಾನವು ಬೆಂಗಳೂರಿನದು. ಮಂಗಳೂರಿನವರ ಬಜ್ಪೆ ನಿಲ್ದಾಣವು ಆರಂಭವಾದದ್ದೂ 1951ರ ಡಿಸೆಂಬರ್ 25ರಂದೇ ಆಗಿರುವುದು ಆಕಸ್ಮಿಕವೆಂದು ಸಾಮಾನ್ಯರು ಹೇಳಬಹುದು, ಮೀಮಾಂಸಕನಿಗೆ ಆಕಸ್ಮಿಕವೆಂಬುದಿಲ್ಲ. ಮುಂಬಯಿಯ ಹಳೆಯ ವಿಮಾನ ನಿಲ್ದಾಣವಿರುವ ಸಹಾರಿನವರೆಗೆ ಹೋಗಲು ಬೇಸತ್ತು, ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲನ್ನೇ ನಚ್ಚಿಕೊಂಡಿದ್ದ ಡೊಂಬಿವಲಿ-ಬದಲಾಪುರದ ಕುಟುಂಬಗಳಿಗೆ ಈಗ ಆಕಾಶವು ಪನವೇಲಿನ ಪಕ್ಕದಲ್ಲಿಯೇ ಲಭ್ಯವಾಗಿರುವುದರಿಂದ, ಲೋಕಲಿನ ಸಂಸ್ಕಾರವನ್ನು ಹತ್ತು ಕಿಲೋಮೀಟರ್ ಎತ್ತರಕ್ಕೆ ಒಯ್ಯುವುದರ ಸಾಧಕಬಾಧಕಗಳನ್ನು ವಿಚಾರಿಸುವುದು ಅನಿವಾರ್ಯವಾಗಿದೆ.

ವಿಮಾನದಲ್ಲಿ ವಿದ್ಯುನ್ಮಾನ ಸಾಧನವು ಉಂಟುಮಾಡಬಲ್ಲ ದೋಷಗಳು ಎರಡು. ರೇಡಿಯೊ ತರಂಗದಿಂದ ಹುಟ್ಟುವುದು ನಾದದೋಷ, ಬ್ಯಾಟರಿಯಿಂದ ಹುಟ್ಟುವುದು ಅಗ್ನಿದೋಷ. ಲೋಕವು ಮೊದಲನೆಯದಕ್ಕೆ ಅಂಜುತ್ತದೆ, ಇಲ್ಲವೇ ಅಂಜುವುದಿಲ್ಲವೆಂದು ಜಗಳವಾಡುತ್ತದೆ. ಎರಡನೆಯದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಮರೆಯುತ್ತದೆ. ಈ ವಿಪರ್ಯಾಸವೇ ಪ್ರಸ್ತುತ ಮೀಮಾಂಸೆಯ ವಿಷಯ.

ನಾದದೋಷದಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಹೀಗಿದೆ: ಪೈಲಟನು ನಿಲ್ದಾಣದ ನಿಯಂತ್ರಣ ಗೋಪುರದೊಡನೆ ಮಾತಾಡುವುದು 118ರಿಂದ 137 ಮೆಗಾಹರ್ಟ್ಸಿನ ನಡುವೆ, ಫೋನು ಮಾತಾಡುವುದು 900, 1800, 2300 ಮೆಗಾಹರ್ಟ್ಸಿನಂಥ ಬೇರೆ ಸ್ತರಗಳಲ್ಲಿ, ಆದ್ದರಿಂದ ಪರಸ್ಪರ ಸಂಪರ್ಕವೇ ಇಲ್ಲದ ಇವರ ನಡುವೆ ಕಲಹವೆಲ್ಲಿಯದು? ಇದಕ್ಕೆ ಸಮಾಧಾನ: ಹಳೆಯ ಜಿಎಸ್‌ಎಂ ಫೋನು ತನ್ನ ಮಾತನ್ನು ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ, ಗರಿಷ್ಠ 2 ವಾಟ್ ಶಕ್ತಿಯಲ್ಲಿ ಎಸೆಯುತ್ತಿತ್ತು; ಆ ಮಿಡಿತವು ಸಮೀಪದ ಯಾವ ತಂತಿಗಾದರೂ ತಗುಲಿ ಧ್ವನಿಯಾಗಿ ಹೊರಡುವುದರಿಂದ, ಟಿವಿಯ ಪಕ್ಕದಲ್ಲಿ ಫೋನಿಟ್ಟಿದ್ದವರು ಕರೆ ಬರುವ ಮುನ್ನವೇ ಸ್ಪೀಕರಿನಲ್ಲಿ 'ಡಿಗ್-ಡಿಗ್-ಡಿಗ್' ಎಂಬ ಶಬ್ದ ಕೇಳಿ "ಊರಿನಿಂದ ಫೋನ್ ಬಂತು" ಎಂದು ಭವಿಷ್ಯ ನುಡಿಯುತ್ತಿದ್ದರು. ಅದೇ ಶಬ್ದವು ಇಳಿಯುವ ವೇಳೆ ಪೈಲಟನ ಕಿವಿಯಲ್ಲಿ ಹೊರಟರೆ ಅವನಿಗೆ ಅದರಿಂದ ಊರಿನ ಯಾವ ಸುದ್ದಿಯೂ ತಿಳಿಯುವುದಿಲ್ಲ, ಗೋಪುರದ ಸೂಚನೆಯ ಒಂದು ಅಂಕಿ ಮಾತ್ರ ತಪ್ಪಬಹುದು. ಹಾಗೆಂದು ಪ್ರಯಾಣಿಕನ ಫೋನಿನ ತರಂಗದಿಂದಲೇ ವಿಮಾನ ಬಿದ್ದಿತೆಂದು ಸಿದ್ಧವಾದ ಪ್ರಕರಣವು ಒಂದೂ ಇಲ್ಲವೆಂಬುದನ್ನು ನ್ಯಾಯಬುದ್ಧಿಯಿಂದ ಒಪ್ಪಿಕೊಳ್ಳಬೇಕು.

ಹಾಗಾದರೆ ನಿಷೇಧವು ಬಂದದ್ದೇಕೆ? ಅಮೆರಿಕದಲ್ಲಿ 1991ರಲ್ಲಿ ಹಾರುವ ವಿಮಾನದಲ್ಲಿ ಮೊಬೈಲ್ ಕರೆಯನ್ನು ನಿಷೇಧಿಸಿದ್ದು ವಿಮಾನ ಸಂಸ್ಥೆಯಲ್ಲ, ಸಂಪರ್ಕ ಆಯೋಗ. ಅದು ಕಾಪಾಡ ಹೊರಟದ್ದು ಆಕಾಶದ ವಿಮಾನವನ್ನಲ್ಲ, ನೆಲದ ಟವರುಗಳನ್ನು. ಮೊಬೈಲ್ ಟವರಿನ ಆಂಟೆನಾಗಳು ನೆಲದ ಕಡೆಗೆ ವಾಲಿರುತ್ತವೆ. ಮೇಲಿರುವ ಫೋನಿಗೆ ಏಕಕಾಲಕ್ಕೆ ಹಲವಾರು ಟವರುಗಳು ಮಸುಕಾಗಿ ಕಾಣುತ್ತವಾದರೂ ಯಾವುದೂ ಕೈಗೆ ಸಿಗುವುದಿಲ್ಲವಾದ್ದರಿಂದ, ಅದು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಪೂರ್ಣ ಶಕ್ತಿಯಲ್ಲಿ ಕೂಗುತ್ತ, ಎಲ್ಲ ಟವರುಗಳ ನೆಮ್ಮದಿಯನ್ನೂ ಕೆಡಿಸುತ್ತ, ತನ್ನ ಬ್ಯಾಟರಿಯನ್ನೂ ಬರಿದುಮಾಡಿಕೊಳ್ಳುತ್ತದೆ. ಕಲ್ಯಾಣದ ಮೇಲೆ ಹಾರುವಾಗ ಫ್ಲೈಟ್ ಮೋಡ್ ಹಾಕದವನು ಪೈಲಟನಿಗಿಂತ ಹೆಚ್ಚಾಗಿ ಕಲ್ಯಾಣದಲ್ಲಿ ಫೋನು ಹಚ್ಚಿರುವ ತನ್ನ ಭಾವನಿಗೇ ತೊಂದರೆ ಕೊಡುತ್ತಾನೆಂಬ ತತ್ತ್ವವನ್ನು ಗಗನಸಖಿಯರು ಘೋಷಣೆಯಲ್ಲಿ ಸೇರಿಸಿದರೆ ಪಾಲನೆಯ ಪ್ರಮಾಣವು ಹೆಚ್ಚೀತೋ ತಗ್ಗೀತೋ ಎಂಬುದು ಕುಟುಂಬದಿಂದ ಕುಟುಂಬಕ್ಕೆ ಬದಲಾಗುವ ಪ್ರಶ್ನೆಯಾಗಿದೆ.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, 2014ರಲ್ಲಿ ಫ್ಲೈಟ್ ಮೋಡಿನಲ್ಲಿಟ್ಟ ಸಾಧನಗಳ ಬಳಕೆಗೆ ಅನುಮತಿ ಕೊಟ್ಟಿತು. 2018ರ ನಿಯಮಗಳು ವಿಮಾನದೊಳಗಿನ ಅಂತರ್ಜಾಲಕ್ಕೆ ಬಾಗಿಲು ತೆರೆದವು. 2024ರ ತಿದ್ದುಪಡಿಯು ವೈ-ಫೈ ಬಳಕೆಗೆ 3000 ಮೀಟರ್ ಎತ್ತರವನ್ನು ಗಡಿಯಾಗಿ ನಿಗದಿಪಡಿಸಿತು. 5ಜಿ ಬಂದಾಗಲೂ ಸರ್ಕಾರವು ಪ್ರಯಾಣಿಕನ ಕಿಸೆಗೆ ಕೈಹಾಕದೆ, ವಿಮಾನವು ನೆಲದಿಂದ ತನ್ನ ಎತ್ತರವನ್ನು ಅಳೆಯುವ ರೇಡಿಯೊ ಆಲ್ಟಿಮೀಟರಿನ ಹಿತಕ್ಕಾಗಿ, ರನ್‌ವೇಯ ತುದಿಗಳಿಂದ 2.1 ಕಿಲೋಮೀಟರ್ ಒಳಗೆ 5ಜಿಯ ಒಂದು ಸ್ತರದ ಟವರುಗಳನ್ನು ನಿಲ್ಲಿಸಬಾರದೆಂದು 2022ರಲ್ಲಿ ಕಂಪನಿಗಳಿಗೆ ಸೂಚಿಸಿತು.

ಇಷ್ಟಾದ ಮೇಲೂ ನಾದದೋಷದ ಪರಮಾವಧಿಯು ಕಂಡುಬರುವುದು ವಿಮಾನವು ನೆಲ ಮುಟ್ಟಿದ ಕ್ಷಣದಲ್ಲಿ. ಚಕ್ರವು ಒಮ್ಮೆ ಪುಟಿದು ಎರಡನೆಯ ಸಲ ನೆಲಕ್ಕೆ ತಾಗುವ ಮೊದಲೇ ನೂರಾರು ಫೋನುಗಳು ಒಟ್ಟಿಗೆ ಟಿಂಗುಡುತ್ತವೆ. "ಹಾಂ ಅಮ್ಮಾ, ಇಳಿತಾ ಉಂಟು", "ಇಲ್ಲ ಮಾರಾಯ, ಇನ್ನೂ ನಿಂತಿಲ್ಲ, ಓಡ್ತಾ ಉಂಟು" ಎಂಬ ನಿವೇದನೆಗಳು ಸಾಲುಸಾಲಾಗಿ ಹೊರಡುತ್ತವೆ. ತಾನಿರುವ ಸ್ಥಳವನ್ನು ಕ್ಷಣಕ್ಷಣಕ್ಕೂ ಮನೆಗೆ ಅರುಹುವ ಈ ಕ್ರಿಯೆಯನ್ನು 'ಸ್ಥಾನನಿವೇದನೆ' ಎನ್ನಬಹುದು. ಇದರ ಮೂಲವು ಲೋಕಲಿನ "ಠಾಣೆ ಬಿಟ್ಟಿತು, ಅನ್ನಕ್ಕಿಡು" ಎಂಬ ಪ್ರಾಚೀನ ಸೂತ್ರದಲ್ಲಿದೆ. ಲೋಕಲಿನಲ್ಲಿ ಇದರಿಂದ ಅಕ್ಕಿಯು ಸಕಾಲದಲ್ಲಿ ಬೇಯುತ್ತದೆ. ಬಜ್ಪೆಯಲ್ಲಿ ಇಳಿದವನು ಸಾಮಾನಿನ ಬೆಲ್ಟಿನ ಮುಂದೆ ಇನ್ನೂ ಅರ್ಧ ಗಂಟೆ ನಿಲ್ಲಬೇಕಾಗಿರುವುದರಿಂದ ಅನ್ನವು ಮುದ್ದೆಯಾಗುತ್ತದೆ.

ಅಗ್ನಿದೋಷವು ಇದಕ್ಕಿಂತ ಗಂಭೀರವಾದ ಪ್ರಕರಣ. ಲಿಥಿಯಂ-ಅಯಾನ್ ಬ್ಯಾಟರಿಯ ಒಳಗೆ ಧನ ಮತ್ತು ಋಣ ಪದರಗಳ ನಡುವೆ ತೆಳುವಾದ ಪೊರೆಯೊಂದಿರುತ್ತದೆ. ಪೆಟ್ಟಿನಿಂದಲೋ ತಯಾರಿಕೆಯ ದೋಷದಿಂದಲೋ ಅದು ಹರಿದರೆ ಒಳಗೇ ಕಾವು ಹುಟ್ಟಿ, ಆ ಕಾವು ಇನ್ನಷ್ಟು ರಾಸಾಯನಿಕ ಕ್ರಿಯೆಯನ್ನು ಕೆರಳಿಸಿ, ಆ ಕ್ರಿಯೆಯು ಮತ್ತಷ್ಟು ಕಾವನ್ನು ಹುಟ್ಟಿಸಿ, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹಬ್ಬುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದು ಬೆಂಕಿಗೆ ತುತ್ತಾಗಿ, ಒಳಗಿದ್ದವರೆಲ್ಲ ಪಾರಾದರು. ಮೇಲಿನ ಸಾಮಾನು ಕಪಾಟಿನಲ್ಲಿದ್ದ ಪವರ್ ಬ್ಯಾಂಕಿನ ಮೇಲೆ ತನಿಖೆಯ ಸಂಶಯ ಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿಲ್ಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನದಲ್ಲಿ, ಅದಿನ್ನೂ ನೆಲದ ಮೇಲಿರುವಾಗಲೇ, ಪ್ರಯಾಣಿಕನ ಪವರ್ ಬ್ಯಾಂಕು ಹೊತ್ತಿಕೊಂಡು ಸಿಬ್ಬಂದಿ ಅದನ್ನು ಆರಿಸಬೇಕಾಯಿತು. ತರಂಗದಿಂದ ಬಿದ್ದ ವಿಮಾನಗಳ ಪಟ್ಟಿ ಖಾಲಿಯಿದ್ದು, ಬ್ಯಾಟರಿಯಿಂದ ಹೊಗೆಯೆದ್ದ ವಿಮಾನಗಳ ಪಟ್ಟಿ ಬೆಳೆಯುತ್ತಿರುವಾಗ, ಫ್ಲೈಟ್ ಮೋಡಿನ ಬಗ್ಗೆ ಗಂಟೆಗಟ್ಟಲೆ ವಾದಿಸುವ ವಿದ್ವಾಂಸನು ತನ್ನ ಪವರ್ ಬ್ಯಾಂಕನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ, ಎರಡು ಪಂಚೆಗಳ ನಡುವೆ ಭದ್ರವಾಗಿ ಸುತ್ತಿಟ್ಟಿರುವುದನ್ನು ಏನೆನ್ನಬೇಕು?

ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕೆಂಬ ವಿಧಿಗೆ ಯುಕ್ತಿಯಿದೆ. ಕೆಳಗಿನ ಸರಕು ಕೋಣೆಯಲ್ಲಿ ಹೊತ್ತಿಕೊಂಡರೆ ನೋಡುವವರಿಲ್ಲ; ಅಲ್ಲಿ ಹೊಮ್ಮುವ ಹಾಲನ್ ಅನಿಲವು ಜ್ವಾಲೆಯನ್ನು ಅಡಗಿಸಬಹುದಾದರೂ ಕೋಶದ ಒಳಗಿನ ಕಾವನ್ನು ಇಳಿಸಲಾರದು, ಅದಕ್ಕೆ ನೀರೇ ಬೇಕು. ಅಳತೆಯ ವಿಷಯದಲ್ಲಿ 100 ವಾಟ್-ಗಂಟೆಯವರೆಗೆ ಅಡ್ಡಿಯಿಲ್ಲ, 160ರವರೆಗೆ ವಿಮಾನ ಕಂಪನಿಯ ಅನುಮತಿ ಬೇಕು, ಅದರಾಚೆ ನಿಷಿದ್ಧ. ಪೆಟ್ಟಿಗೆಯ ಮೇಲೆ 20,000 ಮಿಲಿಆಂಪಿಯರ್-ಗಂಟೆ ಎಂದಿದ್ದರೆ ಅದನ್ನು ಸಾವಿರದಿಂದ ಭಾಗಿಸಿ 3.7 ವೋಲ್ಟಿನಿಂದ ಗುಣಿಸಿದಾಗ 74 ವಾಟ್-ಗಂಟೆ ಬರುತ್ತದೆ. ಕಲ್ಯಾಣ ಸ್ಟೇಷನ್ನಿನ ಹೊರಗೆ ರಾಶಿ ಹಾಕಿ ಮಾರುವ ಪವರ್ ಬ್ಯಾಂಕುಗಳ ಮೇಲೆ ಅಚ್ಚಾದ ಸಂಖ್ಯೆಯು ಗಣಿತಕ್ಕಿಂತ ಕಾವ್ಯಕ್ಕೆ ಸಮೀಪವಾಗಿರುವುದರಿಂದ ಅಲ್ಲಿ ಈ ಸೂತ್ರವು ಅನ್ವಯಿಸದು. ಡಿಜಿಸಿಎಯ ಈಚಿನ ಸೂಚನೆಯಂತೆ ಹಾರಾಟದಲ್ಲಿ ಪವರ್ ಬ್ಯಾಂಕಿನಿಂದ ಫೋನು ಚಾರ್ಜು ಮಾಡುವಂತೆಯೂ ಇಲ್ಲ, ಅದನ್ನು ಮೇಲಿನ ಕಪಾಟಿಗೆ ತುರುಕುವಂತೆಯೂ ಇಲ್ಲ.

ಇಲ್ಲಿ ಕರಾವಳಿಯವರದೊಂದು ಆಕ್ಷೇಪವುಂಟು. ಊರಿನಿಂದ ಬದಲಾಪುರಕ್ಕೆ ಮರಳುವಾಗ ಅತ್ತೆಯವರು ಕಟ್ಟಿಕೊಟ್ಟ ಗಂಟಿನಿಂದ ಭದ್ರತಾ ಸಿಬ್ಬಂದಿಯು ಇಡೀ ಕೊಬ್ಬರಿಯನ್ನು ತೆಗೆದಿಡುವುದೇಕೆ, ತೋಟದ ಬೆಳೆಗೆ ವಿಮಾನದಲ್ಲಿ ಜಾಗವಿಲ್ಲವೇ? ಕೊಬ್ಬರಿಯು ಎಣ್ಣೆಯಂಶದಿಂದಾಗಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ವರ್ಗದಲ್ಲಿ ಪರಿಗಣಿತವಾಗಿದೆ ಎಂಬುದೇ ಸಮಾಧಾನ. ಕೊಬ್ಬರಿ ಹೋದ ದುಃಖವನ್ನು ಬದಲಾಪುರ ತಲುಪುವವರೆಗೂ ಹೇಳಿಕೊಳ್ಳುವವರು, ಅದೇ ಗಂಟಿನ ತಳದಲ್ಲಿದ್ದ ಪವರ್ ಬ್ಯಾಂಕನ್ನು ಸಿಬ್ಬಂದಿಯು ಹೊರತೆಗೆಸಿ ಕೈಗೆ ಕೊಟ್ಟದ್ದನ್ನು ನೆನೆಯುವುದೇ ಇಲ್ಲ.

ಕೊನೆಯದಾಗಿ ಆಪದ್ಧರ್ಮ. ಫೋನು ಆಸನದ ಸಂದಿಗೆ ಜಾರಿಬಿದ್ದರೆ ಆಸನವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸದೆ, ಕೈಹಾಕಿ ಎಳೆಯದೆ, ಸಿಬ್ಬಂದಿಯನ್ನು ಕರೆಯತಕ್ಕದ್ದು. ಆಸನದ ಯಂತ್ರಭಾಗಕ್ಕೆ ಸಿಕ್ಕಿ ಜಜ್ಜಿದ ಫೋನಿನ ಬ್ಯಾಟರಿಯು ಹೊತ್ತಿಕೊಂಡ ಪ್ರಸಂಗಗಳು ಹಲವಾರಿವೆ. ಸಿಬ್ಬಂದಿಯು ಮೊದಲು ಕೇಳುವುದು ಎದ್ದು ಪಕ್ಕಕ್ಕೆ ಸರಿಯಲು, ಮತ್ತು ಬದಲಾಪುರ ಸಂಪ್ರದಾಯದಲ್ಲಿ ದುಷ್ಕರವಾದ ಕ್ರಿಯೆಯೂ ಇದೇ. ಎದ್ದ ಸೀಟು ಹೋದ ಸೀಟು ಎಂಬ ಅನುಭವಸಿದ್ಧ ನ್ಯಾಯದಲ್ಲಿ ಬೆಳೆದವನು, ಅಂಬರನಾಥದಲ್ಲಿ ಹತ್ತುವ ಗುಂಪನ್ನು ಮನಸ್ಸಿನಲ್ಲಿ ಕಂಡು, ಅಡಿಯಿಂದ ಹೊಗೆ ಏಳುತ್ತಿದ್ದರೂ ಅಲುಗದೆ ಕುಳಿತಿರುವ ಸಂಭವವಿದೆ. ವಿಮಾನವು ಅಂಬರನಾಥದಲ್ಲಿ ನಿಲ್ಲುವುದಿಲ್ಲವೆಂದೂ, ಚೌಥಿ ಸೀಟ್ ಅಲ್ಲಿಲ್ಲವೆಂದೂ, ಬೋರ್ಡಿಂಗ್ ಪಾಸಿನ ಮೇಲೆ ಅಚ್ಚಾದ ಸಂಖ್ಯೆಯ ಆಸನವು ಎದ್ದು ನಿಂತರೂ ಇಳಿಯುವವರೆಗೆ ಅವನದೇ ಎಂದೂ ಅವನಿಗೆ ತಿಳಿಯಪಡಿಸಬೇಕು. ಜಾಗ ಕಾಯ್ದಿರಿಸಲು ಏಳುವ ಮುನ್ನ ಅದರ ಮೇಲೆ ಕರವಸ್ತ್ರ ಹಾಸುವ ಪದ್ಧತಿಯು ಲೋಕಲಿನಲ್ಲಿ ಪ್ರಮಾಣವಾಗಿದ್ದರೂ, ಕರವಸ್ತ್ರವು ಹತ್ತಿಯದಾಗಿದ್ದು ಅಡಿಯಲ್ಲಿ ಕಾದ ಫೋನು ಇರುವ ಸಂದರ್ಭದಲ್ಲಿ ಶಾಸ್ತ್ರಸಮ್ಮತವಲ್ಲ.