ಇಡ್ಲಿಗೊಂದು ಡೋಸು

ದೊಡ್ಡಬಳ್ಳಾಪುರದ ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವರಲ್ಲ. ಬೇಕಾದರೆ ಅವರನ್ನೇ ಕೇಳಿ. ಬೆಳಿಗ್ಗೆ ಎಂಟಕ್ಕೆ, ಇಡ್ಲಿ ತಟ್ಟೆಯ ಪಕ್ಕ ಪೋರ್ಟ್ ವೈನಿನ ಸೀಸೆ ಇಟ್ಟುಕೊಂಡೇ ಹೇಳುತ್ತಾರೆ.

ಇಂಥ ಮಾವಂದಿರು ನಿಮ್ಮ ಬಳಗದಲ್ಲೂ ಒಬ್ಬರಿದ್ದಾರು. ಹುಡುಗ ವಿಸ್ಕಿ ಮುಟ್ಟುತ್ತಾನೆಂದು ಮಗಳಿಗೆ ಬಂದ ಒಳ್ಳೇ ಸಂಬಂಧವನ್ನೇ ಬಿಟ್ಟವರು. ಪೋರ್ಟ್ ಮಾತ್ರ ಟಾನಿಕ್. "ರಕ್ತಕ್ಕೆ ಒಳ್ಳೇದು ಕಣೋ, ಬಣ್ಣ ನೋಡಿದ್ರೆ ಗೊತ್ತಾಗಲ್ವಾ?" ಹಾಗೆ ನೋಡಿದರೆ ಬೀಟ್‌ರೂಟ್ ಪಲ್ಯಕ್ಕೂ ಅದೇ ಮರ್ಯಾದೆ ಸಲ್ಲಬೇಕಿತ್ತು. ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ.

ಸೀಸೆಯ ವಾಸ ಔಷಧಿ ಕಪಾಟಿನಲ್ಲಿ, ಬಿ.ಪಿ. ಮಾತ್ರೆಗೂ ಅಮೃತಾಂಜನಕ್ಕೂ ನಡುವೆ. ಅಳತೆಗೆ ಕೆಮ್ಮಿನ ಸಿರಪ್ಪಿನ ಹಳೇ ಮುಚ್ಚಳ. ಕನ್ನಡಕ ಹಣೆಗೇರಿಸಿ, ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, 10 ಎಂ.ಎಲ್. ಗೆರೆಗೆ ಹೆಬ್ಬೆರಳ ಉಗುರು ಒತ್ತಿ ಸುರಿಯುತ್ತಾರೆ. ಗೆರೆ ದಾಟಿದರೆ ವಾಪಸು ಸೀಸೆಗೆ ಹಾಕುವಂತಿಲ್ಲ, ಮೈಲಿಗೆ. ಕಡಿಮೆಯಾದರೆ ಔಷಧಿ ನಾಟುವುದಿಲ್ಲ, ಇನ್ನೊಂದು ಮುಚ್ಚಳ. ಇಡ್ಲಿಗೊಂದು ಡೋಸು ಅನ್ನುವುದು ಅವರೇ ಮಾಡಿಕೊಂಡ ಪಥ್ಯ. ಮೊದಲು ಎರಡು ಇಡ್ಲಿಗೆ ಕೈ ತೊಳೆಯುತ್ತಿದ್ದವರು ಈಗ ಆರು ಮುಗಿಸುತ್ತಾರೆ. ಹಸಿವು ಹೆಚ್ಚಿಸುತ್ತದೆ ಅನ್ನಲು ಬೇರೆ ಪುರಾವೆ ಬೇಕೆ?

ಒಮ್ಮೆ ತಿಳಿವಳಿಕೆ ಹೇಳಲು ಹೋದೆ. ಪೋರ್ಟಿನ ಮೂಲ ಪೋರ್ಚುಗಲ್ಲಿನ ಡೌರೊ ಕಣಿವೆ, ಅಲ್ಲಿ ದ್ರಾಕ್ಷಿರಸ ಪೂರ್ತಿ ಹುಳಿಯುವ ಮೊದಲೇ ದ್ರಾಕ್ಷಿಯ ಮದ್ಯಸಾರ ಸುರಿಯುತ್ತಾರೆ, ಹುಳಿಯುವುದು ನಿಂತು ಸಿಹಿ ಉಳಿಯುತ್ತದೆ, ಆಲ್ಕೋಹಾಲು ಶೇ. 20ರ ಆಸುಪಾಸು ಎಂದೆ.

"ನೋಡೇ, ಸಾರ ಸೇರಿಸ್ತಾರಂತೆ!" ಎಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಚಟ್ನಿ ಬಡಿಸುತ್ತಾ, "ಅದರ ಬದಲು ದ್ರಾಕ್ಷಾರಿಷ್ಟ ಕುಡೀಬಾರದೇನ್ರೀ?" ಅಂದರು. "ಅದೂ ಹುಳಿಸಿದ್ದೇ ಅಲ್ವೇನೇ? ಇದು ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷೀದು."

ಇಂಗ್ಲೆಂಡಿನ ವಿಲಿಯಂ ಪಿಟ್‌ಗೆ ಎಳವೆಯಲ್ಲೇ ವೈದ್ಯರು ಪೋರ್ಟ್ ಬರೆದುಕೊಟ್ಟಿದ್ದರಂತೆ. 1783ರಲ್ಲಿ, 24ನೇ ವಯಸ್ಸಿಗೆ ಪ್ರಧಾನಿಯಾದ. ಇದನ್ನು ಯಾರೋ ಮಾವನ ಕಿವಿಗೆ ಹಾಕಿದ್ದಾರೆ. 46ಕ್ಕೇ ತೀರಿಕೊಂಡ ಎಂದು ನಾನು ನೆನಪಿಸಿದೆ.

"ಇಡ್ಲಿ ಎಲ್ಲಿತ್ತೋ ಪಾಪ ಅವನಿಗೆ?"

ಮೊನ್ನೆ ಏಕಾದಶಿ. ಮನೆಯಲ್ಲಿ ಇಡ್ಲಿ ಇಲ್ಲ. ದ್ರಾಕ್ಷಿ ಫಲಾಹಾರಕ್ಕೆ ಸಲ್ಲುತ್ತದೆಂದು ತೀರ್ಮಾನಿಸಿ ಮಾವ ಸೀಸೆ ಇಳಿಸಿದ್ದರು. ನಾನು ಹೋಗುವಷ್ಟರಲ್ಲಿ ಅದರ ಮುಕ್ಕಾಲು ಖಾಲಿ. ಮುಚ್ಚಳ ಹಿಡಿದು ಮಂಕಾಗಿ ಕೂತಿದ್ದರು.

"ಇಡ್ಲಿ ಇಲ್ದೆ ಲೆಕ್ಕಾನೇ ಸಿಗ್ತಿಲ್ಲ ಕಣೋ."