ದಯವಿಟ್ಟು ಎಲ್ಲರೂ ಮ್ಯೂಟ್ ಆಗಿ

"ಎಲ್ಲರಿಗೂ ಕೇಳಿಸ್ತಿದೆಯಾ?" ಅಂತ ಸಾಹೇಬರು ಕೇಳುತ್ತಾರೆ. ಹೂಂ ಅನ್ನುವುದಕ್ಕೂ ಯಾರಿಗೂ ಬಾಯಿಲ್ಲ. ಎಲ್ಲರನ್ನೂ ಮ್ಯೂಟ್ ಮಾಡಿ ಕೂತವರು ಅವರೇ. ಇದು ವಿಡಿಯೊ ಕಾನ್ಫರೆನ್ಸ್; ಸರ್ಕಾರಿ ಬಾಯಲ್ಲಿ ಇದರ ಹೆಸರು ವಿಸಿ. ಆಶಾ ಕಾರ್ಯಕರ್ತೆಯರ ಆರೋಗ್ಯದ ತರಬೇತಿಯೂ ಈಗ ವಿಸಿಗೆ ಬಂದು ಕೂತಿದೆ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಇಂಥದೊಂದು ವಿಸಿಗೆ ಕೂರಿಸಿ ನೋಡಿ. ಚನ್ನಗಿರಿಯ ಆಶಾ ಅಕ್ಕ ಅಡಿಕೆ ಸುಲಿಯುವವರ ನಡುವೆ ಕೂತು ಲಿಂಕ್ ಒತ್ತಿದ್ದಾಳೆ, ರೀಚಾರ್ಜ್ ಅವಳದೇ. ಹೊನ್ನಾಳಿಯಲ್ಲಿ ತುಂಗಭದ್ರೆ ತುಂಬಿ ಹರಿದರೂ ನೆಟ್‌ವರ್ಕ್ ಮಾತ್ರ ತೊಟ್ಟಿಕ್ಕುತ್ತದೆ. ನ್ಯಾಮತಿ 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು; ಹಾಜರಿ ಪಟ್ಟಿಯಲ್ಲಿ ತಾನು ನ್ಯಾಮತಿಯೋ ಇನ್ನೂ ಹೊನ್ನಾಳಿಯೋ ಅಂತ ಹುಡುಕುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಜಗಳೂರಿನವರಾದರೂ ಊರಿನ ಹೆಸರು ಉಳಿಸಲು ಜಗಳ ತೆಗೆಯಬಹುದಿತ್ತು. ಮೈಕು ಕೊಟ್ಟರೆ ತಾನೆ!

ಪರದೆಯ ಮೇಲೆ ಸ್ಲೈಡು ಬರುತ್ತದೆ: 'ಹೆಚ್ಚು ನೀರು ಕುಡಿಯುವಂತೆ ತಿಳಿಹೇಳಿ.' ಜಗಳೂರು ಫ್ಲೋರೈಡ್ ಕಂಡ ಸೀಮೆ. ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಿಸಿಕೊಂಡವರು ಅಲ್ಲಿದ್ದಾರೆ. 'ಯಾವ ನೀರು, ಸಾರ್?' ಅಂತ ಅಲ್ಲಿಯ ಅಕ್ಕ ಚಾಟಿನಲ್ಲಿ ಬರೆಯುತ್ತಾಳೆ. ಅದರ ಮೇಲೆ ನೂರಾರು 'ಗುಡ್ ಮಾರ್ನಿಂಗ್ ಸರ್', 'ಪ್ರೆಸೆಂಟ್ ಸರ್' ಸುರಿದು ಪ್ರಶ್ನೆ ಮುಳುಗಿಹೋಗುತ್ತದೆ. ಸಾಹೇಬರು ಮುಂದಿನ ಸ್ಲೈಡಿಗೆ ಹೋಗಿದ್ದಾರೆ.

ಪರದೆಯ ಪಾಠ ನಮಗೆ ಹೊಸದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಇಸ್ರೊ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತ್ತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳ ಜನ ಆ ಪೆಟ್ಟಿಗೆ ಮುಂದೆ ಕೂತು ಬೇಸಾಯ, ಆರೋಗ್ಯದ ಪಾಠ ಕೇಳಿದರು. ಪೆಟ್ಟಿಗೆಗೆ ಕಿವಿ ಇರಲಿಲ್ಲ. ಇದೆ ಅಂತ ಅದು ಸುಳ್ಳು ಹೇಳಲೂ ಇಲ್ಲ. ಐವತ್ತು ವರ್ಷ ಒದ್ದಾಡಿ ಅದಕ್ಕೊಂದು ಕಿವಿ ತರಿಸಿದೆವು. ತರಿಸಿದ ಕೂಡಲೇ ಹತ್ತಿ ತುರುಕಿದೆವು.

ಬೇರೆ ದಾರಿ ಇಲ್ಲ ಅನ್ನುವಂತಿಲ್ಲ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ ಎಂಬ ವೈದ್ಯರು ಹೆಪಟೈಟಿಸ್ ಸಿ ರೋಗಿಗಳಿಗಾಗಿ ಎಕೋ ಎಂಬ ಪದ್ಧತಿ ಶುರುಮಾಡಿದರು. ಅದರಲ್ಲಿ ತಜ್ಞರ ಭಾಷಣ ಚಿಕ್ಕದು. ದೂರದ ಊರಿನ ವೈದ್ಯರು ತಮ್ಮ ರೋಗಿಯ ಕಥೆಯನ್ನು ಮುಂದಿಡುತ್ತಾರೆ, ಮಿಕ್ಕವರು ಅದರಿಂದ ಕಲಿಯುತ್ತಾರೆ. ನಮ್ಮದೇ ಬೆಂಗಳೂರಿನ ನಿಮ್ಹಾನ್ಸ್ ಈ ಪದ್ಧತಿಯಲ್ಲಿ ಮಾನಸಿಕ ಆರೋಗ್ಯ ಕಲಿಸುತ್ತಿದೆ. ಎಕೋ ಅಂದರೆ ಮಾರ್ದನಿ. ವಿಸಿಯಲ್ಲೂ ಮಾರ್ದನಿ ಉಂಟು: ಇಬ್ಬರು ಅಕ್ಕಂದಿರು ಒಂದೇ ಬೆಂಚಿನ ಮೇಲೆ ಫೋನಿಟ್ಟು ಕೂತಾಗ.

ಕಡೆಗೆ ಬರುತ್ತದೆ ವಿಸಿಯ ಮಂಗಳಾರತಿ: "ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಸ್ಕ್ರೀನ್‌ಶಾಟ್ ತಗೋಬೇಕು." ಅಲ್ಲಿವರೆಗೆ ಸೌಟು ಹಿಡಿದಿದ್ದವರು, ಬಸ್ಸಿನಲ್ಲಿ ನೇತಾಡುತ್ತಿದ್ದವರು, ಬಾಣಂತಿ ಮನೆ ಜಗುಲಿಯಲ್ಲಿ ಕೂತವರು ಎಲ್ಲರೂ ಅಂಚೆಚೀಟಿಗಳ ಹಾಗೆ ಸಾಲಾಗಿ ಮೂಡುತ್ತಾರೆ. ತರಬೇತಿ ಯಶಸ್ವಿ!

ಸಾಹೇಬರೇ, ಮುಂದಿನ ಸಲ ಮೊದಲ ಹತ್ತು ನಿಮಿಷ ನೀವು ಮ್ಯೂಟ್ ಆಗಿ. ಜಗಳೂರು ಮಾತಾಡಲಿ.